ಎಕ್ಸರೇ ರೂಮಿಗೆ ಪೂರ್ತಿ ಸೀಸವೇ ಬೇಕಾ?

ಬದಿಯಡ್ಕ ಕಡೆ ಪರಿಚಯದವರೊಬ್ಬರು ಹೊಸ ಕ್ಲಿನಿಕ್ ಕಟ್ಟಿಸ್ತಾ ಇದ್ದಾರೆ, ಎಕ್ಸರೇ ರೂಮಿನ ನಾಲ್ಕು ಗೋಡೆಗೂ ಸೀಸದ ಶೀಟ್ ಹೊಡೆಸ್ಬೇಕಾ ಅಂತ ಕೇಳಿದ್ರು. ನಾನು ಎಕ್ಸರೇ ಟೆಕ್ನೀಷಿಯನ್ ಆದ ಕಾರಣ ಈ ಪ್ರಶ್ನೆ ಆಗಾಗ ಬರ್ತದೆ. ಬೇಡ ಮಾರಾಯ್ರೆ, ಗೋಡೆ ಸರಿ ಇದ್ರೆ ಸಾಕು. ಎಇಆರ್‌ಬಿ (ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ) ಲೆಕ್ಕದಲ್ಲಿ 23 ಸೆಂಟಿಮೀಟರ್ ಇಟ್ಟಿಗೆ ಗೋಡೆ ಅಂದ್ರೆ 2 ಮಿಲಿಮೀಟರ್ ಸೀಸಕ್ಕೆ ಸಮ. ಆದ್ರೆ ನಮ್ಮ ಕಾಸರಗೋಡಿನಲ್ಲಿ ಹೆಚ್ಚಾಗಿ ಕಟ್ಟುವುದು ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು) ಅಲ್ವಾ, ಅದು ಕಲ್ಲಿಂದ ಕಲ್ಲಿಗೆ ಬೇರೆ, ತೂತು ತೂತಾದ ಹಗುರ ಕಲ್ಲು ಬಂದ್ರೆ, ಸಂದಿಗೆ ಸಿಮೆಂಟ್ ತುಂಬದೆ ಬಿಟ್ರೆ ಅಲ್ಲಿಂದ ಕಿರಣ ಸಲೀಸಾಗಿ ದಾಟ್ತದೆ. ಮೇಸ್ತ್ರಿ ಹತ್ರ ನಿಂತು ಸಂದಿ ತುಂಬಿಸಿ, ಎರಡೂ ಬದಿ ಸಾರಣೆ ಮಾಡಿಸಿ, ಮತ್ತೆ ಮೆಷಿನ್ ಬಂದ ಮೇಲೆ ಹೊರಗಿಂದ ಕಿರಣ ಅಳೆಯುವ ಮೀಟರ್ ಹಿಡಿದು ನೋಡಿಸಿ. ಸೀಸ ಬೇಕಾದದ್ದು ಬಾಗಿಲಿಗೆ, ಅದೂ ಹಲಗೆಗೆ ಮಾತ್ರ ಹೊಡೆದು ದಾರಂದದ ಸಂದಿ ಬಿಟ್ರೆ ಪ್ರಯೋಜನ ಇಲ್ಲ.

ಸೀಸ ಅಂದ್ರೆ ಎಲ್ಲದಕ್ಕೂ ಮದ್ದು ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ. 100 ಕಿಲೋವೋಲ್ಟ್ ಎಕ್ಸರೇ ಅರ್ಧ ಆಗ್ಲಿಕ್ಕೆ ಸೀಸ ಸುಮಾರು 0.27 ಮಿಲಿಮೀಟರ್ ಸಾಕು, ಕಾಂಕ್ರೀಟ್ ಆದ್ರೆ 1.6 ಸೆಂಟಿಮೀಟರ್ ಬೇಕು. ಒಂದು ಚದರ ಮೀಟರಿಗೆ ತೂಕ ಹಾಕಿದ್ರೆ ಸೀಸ 3 ಕಿಲೋ, ಕಾಂಕ್ರೀಟ್ 37 ಕಿಲೋ ಹತ್ರ! ಇಷ್ಟು ಕಡಿಮೆ ಶಕ್ತಿಯ ಕಿರಣವನ್ನು ಸೀಸದಂಥ ಭಾರದ ಪರಮಾಣು ಪೂರ್ತಿ ನುಂಗಿಬಿಡ್ತದೆ, ಅದೇ ಕಾರಣ. ಆದ್ರೆ ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್-60 ಗಾಮಾ ಕಿರಣಕ್ಕೆ ಬನ್ನಿ, ಅರ್ಧ ಮಾಡ್ಲಿಕ್ಕೆ ಸೀಸ 1.2 ಸೆಂಟಿಮೀಟರ್, ಉಕ್ಕು 2.1, ಕಾಂಕ್ರೀಟ್ 6.2, ತೂಕ ನೋಡಿದ್ರೆ ಸೀಸ 136 ಕಿಲೋ ಕಾಂಕ್ರೀಟ್ 146 ಕಿಲೋ, ಅಂದ್ರೆ ಹೆಚ್ಚುಕಡಿಮೆ ಒಂದೇ. ಅಲ್ಲಿ ಕಿರಣ ಎಲೆಕ್ಟ್ರಾನ್‌ಗಳಿಗೆ ತಾಗಿ ಚದುರುವುದೇ ಜಾಸ್ತಿ, ಹಾಗಾಗಿ ಒಟ್ಟು ಎಷ್ಟು ಭಾರ ಅಡ್ಡ ನಿಂತಿದೆ ಅನ್ನೋದೇ ಲೆಕ್ಕ. ಸೀಸದಿಂದ ಉಳಿಯುವುದು ಜಾಗ ಮಾತ್ರ. ಆ ರೂಮುಗಳಿಗೆ ದಪ್ಪ ಕಾಂಕ್ರೀಟ್ ಗೋಡೆ ಕಟ್ಟುವುದು ಇದಕ್ಕೇ, ನನಗಂತೂ ಅದೇ ಬುದ್ಧಿವಂತಿಕೆ ಅನ್ನಿಸ್ತದೆ.

ಬೀಟಾ ಕಿರಣಕ್ಕೆ ಮೊದಲೇ ಸೀಸ ಇಟ್ರೆ ಕೆಲಸ ಕೆಡ್ತದೆ, ಬೀಟಾ ಅಂದ್ರೆ ವೇಗದ ಎಲೆಕ್ಟ್ರಾನ್, ಅದು ಸೀಸಕ್ಕೆ ಬಡಿದು ನಿಲ್ಲುವಾಗ ಹೊಸ ಎಕ್ಸರೇ ಹುಟ್ತದೆ, ಆದ್ದರಿಂದ ಬೀಟಾ ಹೊರಬಿಡುವ ಫಾಸ್ಫರಸ್-32 ಬಳಸುವ ಲ್ಯಾಬಲ್ಲಿ 1 ಸೆಂಟಿಮೀಟರ್ ಅಕ್ರಿಲಿಕ್ ಶೀಟ್ ಇಡ್ತಾರೆ. ಆಲ್ಫಾಕ್ಕೆ ಒಂದು ಕಾಗದ ಸಾಕು, ದೇಹದ ಒಳಗೆ ಹೋಗದಿದ್ರೆ ಆಯ್ತು. ನ್ಯೂಟ್ರಾನ್ ಕಥೆಯೇ ಬೇರೆ. ಗೋಲಿ ಇನ್ನೊಂದು ಗೋಲಿಗೆ ಹೊಡೆದ್ರೆ ವೇಗ ಕಳ್ಕೊಳ್ತದೆ, ದೊಡ್ಡ ಬಂಡೆಗೆ ಹೊಡೆದ್ರೆ ಅದೇ ಜೋರಲ್ಲಿ ವಾಪಸ್ ಬರ್ತದೆ, ಅದಕ್ಕೇ ಸೀಸಕ್ಕಿಂತ, ಹೆಚ್ಚುಕಡಿಮೆ ನ್ಯೂಟ್ರಾನಿನಷ್ಟೇ ತೂಕದ ಹೈಡ್ರೋಜನ್ ತುಂಬಿದ ನೀರು, ಪಾಲಿಥೀನ್, ಮೇಣ ಒಳ್ಳೇದು, ಜೊತೆಗೆ ನಿಧಾನ ಆದದ್ದನ್ನು ಹೀರ್ಲಿಕ್ಕೆ ಬೋರಾನ್.

ಇನ್ನು ನಾವು ದಿನಾ ಹಾಕುವ ಏಪ್ರನ್. 0.25ರಿಂದ 0.5 ಮಿಲಿಮೀಟರ್ ಸೀಸಕ್ಕೆ ಸಮ ಅಂತ ಅದರ ಮೇಲೇ ಬರ್ದಿರ್ತದೆ. ಕೆಲವು ಕಡೆ ಅದನ್ನು ಮಡಚಿ ಕುರ್ಚಿ ಮೇಲೆ ಎಸೆದಿರುವುದು ನೋಡಿದ್ರೆ ಹೊಟ್ಟೆ ಉರೀತದೆ. ಮಡಚಿದ ಜಾಗದಲ್ಲಿ ಒಳಗಿನ ಸೀಸದ ರಬ್ಬರ್ ಬಿರುಕು ಬಿಡ್ತದೆ, ಹೊರಗಿನ ಬಟ್ಟೆ ಚೆನ್ನಾಗೇ ಇರುವ ಕಾರಣ ಗೊತ್ತೇ ಆಗುವುದಿಲ್ಲ, ಫ್ಲೋರೋಸ್ಕೋಪಿ (ಪರದೆಯಲ್ಲಿ ನೇರ ಕಾಣುವ ಎಕ್ಸರೇ) ಕೆಳಗೆ ಹರಡಿ ನೋಡಿದ್ರೆ ಮಾತ್ರ ಸೊಂಟದ ಹತ್ರ ಉದ್ದಕ್ಕೆ ಬಿಳಿ ಗೆರೆ ಕಾಣ್ತದೆ. ದಪ್ಪ ರಾಡ್‌ಗೆ ನೇತು ಹಾಕಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹಾಳಾದದ್ದನ್ನು ಗುಜರಿಗೆ ಕೊಡ್ಬೇಡಿ, ಸೀಸ ವಿಷ, ಅದನ್ನು ಅಧಿಕೃತವಾಗಿ ವಿಲೇವಾರಿ ಮಾಡುವವರಿಗೇ ಒಪ್ಪಿಸಿ.