ಹಾವು ಕಡಿತ: ಎಎಸ್‌ವಿ ಯಾವಾಗ ಕೊಡಬೇಕು, ಎಲ್ಲಿ ನಿಲ್ಲಿಸಬೇಕು

ಮುಂಗಾರಿನ ಬಿತ್ತನೆ ಶುರುವಾದರೆ ಕ್ಯಾಷುಯಾಲಿಟಿಗೆ ಹಾವು ಕಚ್ಚಿದವರು ಬರುವುದೂ ಹೆಚ್ಚುತ್ತದೆ. ಜೊತೆಗೆ ಬಂದವರೆಲ್ಲ ಕೇಳುವುದು ಒಂದೇ: "ಸಾರ್, ಇಂಜೆಕ್ಷನ್ ಹಾಕಿದ್ರಾ?" ಆ ಒತ್ತಡಕ್ಕೆ ಕಿರಿಯ ವೈದ್ಯರು ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ವಯಲ್ (ಶೀಶೆ) ಒಡೆಯುವ ಮುಂಚೆ ಸೀನಿಯರ್ ಹುಡುಕಬೇಕಾದ್ದು ವಿಷ ಏರಿದ ಲಕ್ಷಣವನ್ನು. ಬರೀ ಹಲ್ಲಿನ ಗುರುತು ಕಂಡಿತೆಂದು ಎಎಸ್‌ವಿ ಕೊಡುವಂತಿಲ್ಲ. ವಿಷದ ಹಾವೂ ಎಷ್ಟೋ ಸಲ ವಿಷ ಇಳಿಸದೆ ಕಚ್ಚುತ್ತದೆ.

ರಕ್ತ ಹೆಪ್ಪುಗಟ್ಟದಂತೆ ಮಾಡುವ ಕೊಳಕುಮಂಡಲದ ಗುಮಾನಿ ಇದ್ದರೆ ನಂಬಬೇಕಾದ್ದು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. 2 ಮಿ.ಲೀ. ರಕ್ತವನ್ನು ಒಣಗಿದ ಹೊಸ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ ಇಟ್ಟು, 20 ನಿಮಿಷದ ನಂತರ ಒಮ್ಮೆ ವಾಲಿಸಿ ನೋಡುವುದು. ಇಷ್ಟು ಸರಳವಾದದ್ದೂ ಕೆಡುತ್ತದೆ. ಸೋಪಿನಲ್ಲಿ ತೊಳೆದ ಟ್ಯೂಬ್ ಅಥವಾ ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು, ಏಕೆಂದರೆ ಆ ಕ್ರಿಯೆಗೆ ಚಾಲನೆ ಕೊಡುವುದೇ ಶುದ್ಧ ಗಾಜಿನ ಮೈ. ಅನುಮಾನವಿದ್ದರೆ ವಿಷವಿಲ್ಲದ ಇನ್ನೊಬ್ಬರ ರಕ್ತವನ್ನು ಅದೇ ಬಗೆಯ ಟ್ಯೂಬಿನಲ್ಲಿ ಪಕ್ಕದಲ್ಲಿಡಿ. ಮೊದಲ ಸಲ ಹೆಪ್ಪುಗಟ್ಟಿತೆಂದು ಮನೆಗೆ ಕಳಿಸುವುದು ದೊಡ್ಡ ತಪ್ಪು: ಮೂರು ಗಂಟೆ ಕಾಲ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಮತ್ತೆ ನೋಡಬೇಕು. ಬಿಗಿಯಾಗಿ ಕಟ್ಟಿಕೊಂಡು ಬಂದ ಹಗ್ಗವನ್ನೂ ಐವಿ ಲೈನ್ ಹಾಕಿ, ಎಎಸ್‌ವಿ ಕೈಗೆಟಕುವಂತಿಟ್ಟುಕೊಂಡೇ ಬಿಚ್ಚಬೇಕು.

ಹೆಪ್ಪುಗಟ್ಟದಿದ್ದರೆ 10 ವಯಲ್. ಪುಡಿಯ ವಯಲ್ ಆದರೆ ಒಂದೊಂದಕ್ಕೂ 10 ಮಿ.ಲೀ. ನೀರು ಹಾಕಿ ಮೆಲ್ಲಗೆ ತಿರುಗಿಸಿ; ಕುಲುಕಿದರೆ ನೊರೆಯೇ ಉಳಿಯುತ್ತದೆ. ಸಲೈನಿನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ ಹರಿಸಬೇಕು. ಮಕ್ಕಳಿಗೂ ಇದೇ ಡೋಸ್, ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಟೆಸ್ಟ್ ಡೋಸ್ ಬೇಡ, ಅದರಿಂದ ಅಲರ್ಜಿ ಗೊತ್ತಾಗುವುದಿಲ್ಲ. ಅದರ ಬದಲು ಅಡ್ರಿನಾಲಿನ್ 0.5 ಮಿ.ಗ್ರಾಂ. ಸಿರಿಂಜಿನಲ್ಲಿ ಎಳೆದಿಟ್ಟಿರಲಿ. ಮೈ ದದ್ದು, ಉಬ್ಬಸ ಕಂಡೊಡನೆ ಡ್ರಿಪ್ ನಿಲ್ಲಿಸಿ ಅದನ್ನು ತೊಡೆಯ ಸ್ನಾಯುವಿಗೆ ಕೊಡಿ.

ಮುಂದಿನ ಡೋಸಿನ ತೀರ್ಮಾನ ಆರು ಗಂಟೆ ಬಿಟ್ಟು. ವಿಷ ತಟಸ್ಥವಾದರೂ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು. ಮಲೆನಾಡಿನಿಂದ ಬಂದವರಲ್ಲಿ ವಯಲ್ ಮೇಲೆ ವಯಲ್ ಹಾಕಿದರೂ ರಕ್ತ ಸುಧಾರಿಸದಿದ್ದರೆ ಗುಳಿಮಂಡಲ ಜಾತಿಯ ಹಂಪ್-ನೋಸ್ಡ್ ಪಿಟ್ ವೈಪರ್ ನೆನಪಾಗಬೇಕು. ನಮ್ಮ ಎಎಸ್‌ವಿ ನಾಲ್ಕೇ ಹಾವುಗಳಿಗೆ ತಯಾರಾದದ್ದು, ಇದು ಆ ನಾಲ್ಕರಲ್ಲಿಲ್ಲ.

ಕಟ್ಟುಹಾವಿನದು ಬೇರೆಯೇ ಕಥೆ, ಅದರ ವಿಷ ನರಕ್ಕೆ ತಗಲುವಂಥದ್ದು. ರಾತ್ರಿ ನೆಲದ ಮೇಲೆ ಮಲಗಿದವರು, ಬೆಳಗ್ಗೆ ಹೊಟ್ಟೆನೋವು, ಗುರುತಿಲ್ಲ, ಊತವಿಲ್ಲ. ಗ್ಯಾಸ್ಟ್ರಿಕ್ ಎಂದು ಕಳಿಸಿಬಿಡುವ ಅಪಾಯ ಇಲ್ಲೇ. ರೆಪ್ಪೆ ಜೋತುಬಿದ್ದಿದೆಯೇ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಎಂದು ಮತ್ತೆ ಮತ್ತೆ ನೋಡಿ. ಅಟ್ರೋಪಿನ್ 0.6 ಮಿ.ಗ್ರಾಂ. ಕೊಟ್ಟು ನಿಯೋಸ್ಟಿಗ್ಮಿನ್ 1.5 ಮಿ.ಗ್ರಾಂ. ಕೊಟ್ಟರೆ ನಾಗರಹಾವು ಕಚ್ಚಿದವರ ರೆಪ್ಪೆ ಮೇಲೇಳಬಹುದು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ ಅಲ್ಲಿ ಅಷ್ಟಾಗಿ ನಡೆಯದು. 20 ವಯಲ್ ಆದ ಮೇಲೆ ಇನ್ನೂ ಸುರಿಯುವುದು ವ್ಯರ್ಥ, ಕಾಪಾಡುವುದು ವೆಂಟಿಲೇಟರ್.

ಹಾಗಾಗಿ ದೊಡ್ಡ ಆಸ್ಪತ್ರೆಗೆ ಕಳಿಸುವುದಾದರೆ ಒಂದೇ ಉಸಿರಿನ ಎಣಿಕೆ ಇಳಿಯುತ್ತಿರುವಾಗಲೇ ಉಸಿರುನಾಳಕ್ಕೆ ಟ್ಯೂಬ್ ಹಾಕಿ ಕಳಿಸಿ, ಆಂಬ್ಯುಲೆನ್ಸಿನ ಕತ್ತಲಲ್ಲಿ ಅದು ಆಗುವ ಕೆಲಸವಲ್ಲ. ಚೀಟಿಯಲ್ಲಿ ಕಚ್ಚಿದ ಹೊತ್ತು, ಕೊಟ್ಟ ವಯಲ್‌ಗಳ ಸಂಖ್ಯೆ, ಕೊನೆಯ ಪರೀಕ್ಷೆಯ ವೇಳೆ ಇರಲಿ. ಇಲ್ಲವಾದರೆ ಅಲ್ಲಿನವರು ಒಂದರಿಂದ ಎಣಿಸತೊಡಗುತ್ತಾರೆ.