ಗಾಳಿ ಹೊತ್ತ ಹಿಮದ ಲೆಕ್ಕ: ಆರನೇ ವಾರ

ಹಿಮದ ಏರಿಳಿತ ಅಳೆಯಲೆಂದು ಬೆಟ್ಟದ ಏಣಿನ ಎರಡೂ ಮಗ್ಗುಲಿಗೆ ಐದೈದು ಬಿದಿರು ಕೋಲು ನೆಟ್ಟು, 10 ಸೆಂ.ಮೀ.ಗೊಂದರಂತೆ ಕೆಂಪು ಟೇಪು ಸುತ್ತಿ ಬಂದಿದ್ದೆನಲ್ಲ, ಅದರಲ್ಲಿ ಎರಡು ಈಗ ಕಾಣುತ್ತಿಲ್ಲ. ಒಂದನ್ನು ಗಾಳಿ ಕಿತ್ತುಕೊಂಡು ಹೋಗಿದೆ. ಇನ್ನೊಂದು ಹಿಮದಲ್ಲಿ ಪೂರ್ತಿ ಹೂತುಹೋಗಿದೆ. ಈ ವಾರದ ಸುದ್ದಿ ಅದೇ.

ಮೂರು ದಿನದಿಂದ ಆಕಾಶ ತೊಳೆದಿಟ್ಟ ಹಾಗಿದೆ, ಒಂದು ಚೂರೂ ಹಿಮ ಬಿದ್ದಿಲ್ಲ. ಆದರೆ ನೆತ್ತಿಯಿಂದ ಬಿಳಿ ಪುಡಿ ಹೊಗೆಯಂತೆ ಹಾರುತ್ತಲೇ ಇತ್ತು. ಗಾಳಿಗೊಡ್ಡಿದ ಮಗ್ಗುಲಲ್ಲಿ 15 ಸೆಂ.ಮೀ. ಇಳಿದಿದೆ, ಮರೆಯ ಮಗ್ಗುಲಲ್ಲಿ 60 ಏರಿದೆ. ಅಳೆದದ್ದೇ ತಪ್ಪಿರಬೇಕೆಂದು ಎರಡು ಸಲ ನೋಡಿದೆ. ತಪ್ಪಿರಲಿಲ್ಲ. ಅಗಲವಾದ ಇಳಿಜಾರನ್ನೆಲ್ಲ ಗುಡಿಸಿ ಒಂದು ಕಿರಿದಾದ ಪಟ್ಟಿಯ ಮೇಲೆ ಸುರಿದರೆ ಲೆಕ್ಕ ಹೀಗೇ ಬರುತ್ತದೆ. ಹಾರುವಾಗ ಹರಳುಗಳ ಕೈಕಾಲು ಮುರಿದು ಸಣ್ಣ ಕಾಳಾಗುತ್ತವೆ, ಕೂತ ಮೇಲೆ ಒತ್ತಾಗಿ ಹಲಗೆಯಂತೆ ಕಟ್ಟಿಕೊಳ್ಳುತ್ತವೆ. ವಿಂಡ್ ಸ್ಲ್ಯಾಬ್ ಅಂದರೆ ಇದೇ.

ಈ ಹಲಗೆ ಎಷ್ಟು ಭದ್ರ ಎಂದು ನೋಡಲು, ಮರೆಯ ಮಗ್ಗುಲಿನ ದಿಕ್ಕಿಗೇ ಮುಖಮಾಡಿದ, ಕೆಳಗೆ ಸಮತಟ್ಟಿರುವ ಪುಟ್ಟ ಇಳಿಜಾರಲ್ಲಿ ಗುಂಡಿ ತೋಡಿದೆ. ಮೇಲಿನ 40 ಸೆಂ.ಮೀ.ಗೆ ಒಂದು ಬೆರಳು ಕಷ್ಟಪಟ್ಟು ಇಳಿಯಿತು. ಅದರಡಿ ಮುಷ್ಟಿಯೇ ಸಲೀಸಾಗಿ ಹೊಕ್ಕಿತು, ಕಾಳುಗಳು ಸಕ್ಕರೆಯಂತೆ ಉದುರಿದವು. 30 ಸೆಂ.ಮೀ. ಚೌಕದ ಕಂಬ ಕೊರೆದು, ಮೇಲೆ ಸಲಿಕೆ ಇಟ್ಟು ತಟ್ಟಿದೆ: ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಎನ್ನುವುದು ಕ್ರಮ. ಭುಜದವರೆಗೆ ಹೋಗಲೇ ಇಲ್ಲ. ಹದಿಮೂರನೇ ಏಟಿಗೆ ಮೇಲಿನ ತುಂಡು ಮೇಜಿನ ಖಾನೆ ಎಳೆದಂತೆ ಮುಂದೆ ಜಾರಿತು. (ಯಾವ ಏಟಿಗೂ ಜಾರದಿದ್ದರೂ ಗುಂಡಿ ಒಂದು ಜಾಗದ ಮಾತಷ್ಟೇ ಹೇಳುತ್ತದೆ, ಇಡೀ ಇಳಿಜಾರಿನದ್ದಲ್ಲ.)

ವಾಪಸು ಬರುವಾಗ ಕಾಲಡಿ ಡೊಳ್ಳಿನ ಮೇಲೆ ನಡೆದಂತೆ ಬುಡುಬುಡು ಸದ್ದು. ಸ್ಕೀ ತುದಿಯಿಂದ ಒಂದು ಬಿರುಕು ಸರ್ರನೆ ಎರಡು ಮಾರು ಓಡಿತು.

"ಈ ಇಳಿಜಾರು ಇಪ್ಪತ್ತೆಂಟು ಡಿಗ್ರಿ ಇದ್ದೀತು, ಇಳಿಯೋಣವಾ?" ಅಂದ ಜೊತೆಗಾರ. ನನ್ನ ಕಣ್ಣಂದಾಜೂ ಅದೇ ಆಗಿತ್ತು. ಅಳೆದರೆ 35. ಇಂಥ ಹಲಗೆ ಹಿಮಕುಸಿತವಾಗಿ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯಲ್ಲೇ. "ಬೇಡ ಕಣೋ" ಅಂದೆ. ಮುಖ ಸಪ್ಪಗಾದರೂ ಸುತ್ತುದಾರಿಗೆ ಒಪ್ಪಿದ.

ಮರೆಯ ಮಗ್ಗುಲ ಕೋಲುಗಳು ಇನ್ನು ಮೂರು ಮೀಟರಿನವೇ ಆಗಬೇಕು. ಹೂತದ್ದನ್ನು ತೆಗೆಯಲು ಈಗ ಹೋಗುವುದಿಲ್ಲ, ವಸಂತದಲ್ಲಿ ಅದೇ ಮೇಲೇಳಲಿ.