‘ಡೆಲಿಗೇಟ್ ಪ್ಯಾಕೇಜ್’ ಕೊಂಡು ದುಬೈ ಹವಾಮಾನ ಸಮ್ಮೇಳನಕ್ಕೆ ಹೋದ ಕಥೆ

ನಮ್ಮ ಮನೆ ವಿರಾಜಪೇಟೆ ಹತ್ತಿರ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಮಟ್ಟನ್ನೂರು, ಅಲ್ಲೇ ಕಣ್ಣೂರು ವಿಮಾನ ನಿಲ್ದಾಣ. ಸುಮಾರು 60 ಕಿಲೋಮೀಟರ್. ಅಲ್ಲಿಂದ ಗಲ್ಫ್‌ಗೆ ನೇರ ವಿಮಾನಗಳಿವೆ. ಆದರೂ ನಾನು ದುಬೈಗೆ ಹೋಗಲು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಹೋದೆ. ಯಾಕೆಂದರೆ ಪ್ಯಾಕೇಜ್‌ನಲ್ಲಿ ಹಾಗಿತ್ತು.

ಆ ಪ್ಯಾಕೇಜ್ ಬಗ್ಗೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. 2026ರ ನವೆಂಬರ್‌ನಲ್ಲಿ ಟರ್ಕಿಯ ಅಂತಾಲ್ಯದಲ್ಲಿ ಕಾಪ್ 31, ಅಂದರೆ ವಿಶ್ವಸಂಸ್ಥೆಯ ವಾರ್ಷಿಕ ಹವಾಮಾನ ಸಮ್ಮೇಳನ ಇದೆ. ನನ್ನ ಇಬ್ಬರು ಜೂನಿಯರ್‌ಗಳಿಗೆ ‘ನೀವು ಆಯ್ಕೆಯಾಗಿದ್ದೀರಿ’ ಅಂತ ಇಮೇಲ್ ಬಂದಿದೆ. ನನಗೆ 2023ರಲ್ಲಿ ಬಂದಿದ್ದೂ ಹೀಗೇ ಇತ್ತು. ದುಬೈ ಕಾಪ್ 28, ಹನ್ನೆರಡು ದಿನ, ವಿದ್ಯಾರ್ಥಿ ಡೆಲಿಗೇಟ್, ‘ಸ್ಥಳದ ಹತ್ತಿರವೇ ವಸತಿ’, ನೋಂದಣಿ ಶುಲ್ಕ ಸೇರಿ 95 ಸಾವಿರ ರೂಪಾಯಿ. ಅಪ್ಪ ಕಾಳುಮೆಣಸು ಮಾರಿದ ದುಡ್ಡಲ್ಲಿ ಕೊಟ್ಟರು.

ಮೊದಲು ಇದನ್ನು ತಿಳಿದುಕೊಳ್ಳಿ. ವಿಶ್ವಸಂಸ್ಥೆ ಈ ಸಮ್ಮೇಳನಕ್ಕೆ ನೋಂದಣಿ ಶುಲ್ಕ ತೆಗೆದುಕೊಳ್ಳುವುದಿಲ್ಲ. ಒಳಗೆ ಹೋಗಲು ಬೇಕಾದ ಬ್ಯಾಡ್ಜ್ ಮಾರುವ ವಸ್ತುವೇ ಅಲ್ಲ. ಮಾನ್ಯತೆ ಪಡೆದ ಸಂಸ್ಥೆಗಳಿಗೆ ಇಷ್ಟು ಬ್ಯಾಡ್ಜ್ ಅಂತ ಕೋಟಾ ಕೊಡುತ್ತಾರೆ, ಅವರು ಹೆಸರು ಸೂಚಿಸುತ್ತಾರೆ, ಅಷ್ಟೇ. ಕೋಟಾ ಕಮ್ಮಿ, ಕೇಳುವವರು ಜಾಸ್ತಿ. ಹಾಗಾಗಿ ಒಂದೇ ಕೋಟಾವನ್ನು ದಿನ ಹಂಚಿಕೊಂಡು ಬಳಸುತ್ತಾರೆ. ನನಗೆ ಹಣ ಕಟ್ಟಿ ಎರಡು ತಿಂಗಳಾದ ಮೇಲೆ ಗೊತ್ತಾಯಿತು, ನನ್ನ ಪಾಲಿಗೆ ಬಂದಿದ್ದು ನಾಲ್ಕೇ ದಿನ: ಡಿಸೆಂಬರ್ 8ರಿಂದ 11. ಉಳಿದ ದಿನಗಳಿಗೆ ‘ಗ್ರೀನ್ ಝೋನ್ ಪ್ರವೇಶ’ ಅಂತ ದೊಡ್ಡದಾಗಿ ಬರೆದಿದ್ದರು. ಮಾತುಕತೆ ನಡೆಯುವುದು ಬ್ಲೂ ಝೋನ್‌ನಲ್ಲಿ. ಗ್ರೀನ್ ಝೋನ್ ಅಂದರೆ ಸಾರ್ವಜನಿಕರಿಗೆ ತೆರೆದ ಮೇಳ, ಆನ್‌ಲೈನ್‌ನಲ್ಲಿ ಹೆಸರು ಹಾಕಿದರೆ ಯಾರಿಗೂ ಉಚಿತ ಪಾಸ್. ನಾನು ದುಡ್ಡು ಕೊಟ್ಟು ಉಚಿತ ಪಾಸ್ ಕೊಂಡಿದ್ದೆ!

ಆದ್ದರಿಂದ ಇಮೇಲ್ ಬಂದ ಕೂಡಲೇ ಎರಡೇ ಪ್ರಶ್ನೆ ಕೇಳಿ. ಬ್ಲೂ ಝೋನ್ ಬ್ಯಾಡ್ಜ್ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ? ವಸತಿಯ ಪೂರ್ತಿ ವಿಳಾಸ ಏನು? ಉತ್ತರ ಸುತ್ತಿ ಬಳಸಿ ಬಂದರೆ ಬಿಟ್ಟುಬಿಡಿ.

ವಿಳಾಸ ಕೇಳಬೇಕು ಅಂದಿದ್ದು ಯಾಕೆಂದರೆ ನಮ್ಮನ್ನು ಇಳಿಸಿದ್ದು ದುಬೈನಲ್ಲಲ್ಲ, ಶಾರ್ಜಾದಲ್ಲಿ. ಅದು ಬೇರೆಯೇ ಎಮಿರೇಟ್, ನಮ್ಮಲ್ಲಿ ಬೇರೆ ರಾಜ್ಯ ಇದ್ದ ಹಾಗೆ. ಸಮ್ಮೇಳನ ನಡೆದ ಎಕ್ಸ್‌ಪೋ ಸಿಟಿ ದುಬೈನ ಆ ತುದಿ, ಶಾರ್ಜಾ ಈ ತುದಿಯಿಂದಲೂ ಆಚೆ. ಒಂದು ಕೋಣೆಯಲ್ಲಿ ಆರು ಮಂದಿ, ಮೂರು ಬಂಕ್ ಮಂಚ. ಕೋಣೆ ಸಹಿಸಿಕೊಂಡೆ. ಬಸ್ ಸಹಿಸಲಾಗಲಿಲ್ಲ. ಬೆಳಿಗ್ಗೆ ಏಳಕ್ಕೆ ಹತ್ತಿದರೆ ಶಾರ್ಜಾದಿಂದ ದುಬೈಗೆ ಕೆಲಸಕ್ಕೆ ಹೋಗುವ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡೆವು. ಆರು ಪಥದ ರಸ್ತೆ, ಆದರೂ ಗೋಣಿಕೊಪ್ಪದ ಸಂತೆ ದಿನಕ್ಕಿಂತ ನಿಧಾನ. ಇಳಿಯುವಾಗ ಒಂಬತ್ತು ಮುಕ್ಕಾಲು. ಯುವಜನರ ವೇದಿಕೆ ಯಂಗೋದವರ ಬೆಳಗಿನ ಸಭೆ ಮುಗಿದೇ ಹೋಗಿತ್ತು. ಇವತ್ತು ಯಾವ ಕೋಣೆಯಲ್ಲಿ ಏನು ನಡೆಯುತ್ತದೆ, ಯಾರನ್ನು ಹಿಡಿಯಬೇಕು ಅಂತ ಹೊಸಬರಿಗೆ ತಿಳಿಯುವುದು ಅಲ್ಲೇ. ಅದು ತಪ್ಪಿದರೆ ದಿನವಿಡೀ ಸುಮ್ನೆ ದೇಶಗಳ, ಸಂಸ್ಥೆಗಳ ಮಳಿಗೆ (ಪೆವಿಲಿಯನ್) ಸುತ್ತುವುದೇ ಕೆಲಸ.

ಎರಡನೇ ದಿನ ಆ ಬಸ್ ಬಿಟ್ಟೆ. ದುಬೈನ ಕರಾಮಾ ಬಡಾವಣೆಯಲ್ಲಿ ಒಂದು ಬೆಡ್‌ಸ್ಪೇಸ್ (ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ) ಹಿಡಿದು ಮೆಟ್ರೋ ಹತ್ತಿದೆ. ಯಾವ ಊರಿಗೆ ಹೋದರೂ ಸಮ್ಮೇಳನದ ಹತ್ತಿರ ಮನೆ ಹುಡುಕಬೇಡಿ, ರೈಲಿನ ಹತ್ತಿರ ಹುಡುಕಿ. ದುಬೈನಲ್ಲಿ ಮೆಟ್ರೋದ ರೆಡ್ ಲೈನ್, ಮಾಮೂಲಿ ಸಿಲ್ವರ್ ಕಾರ್ಡ್‌ನಲ್ಲಿ ಒಂದು ಸಲದ ಪ್ರಯಾಣಕ್ಕೆ ಏಳೂವರೆ ದಿರ್ಹಮ್ ಆಗುತ್ತಿತ್ತು. ಆಗ ಒಂದು ದಿರ್ಹಮ್‌ಗೆ ಹೆಚ್ಚುಕಮ್ಮಿ 23 ರೂಪಾಯಿ. ಜಬಲ್ ಅಲಿಯಲ್ಲಿ ಲೈನ್ ಎರಡಾಗುತ್ತದೆ, ಎಕ್ಸ್‌ಪೋ ಅಂತ ಬೋರ್ಡ್ ನೋಡಿಯೇ ಹತ್ತಿ. ಮೆಟ್ರೋದೊಳಗೆ ಏನನ್ನೂ ತಿನ್ನುವಂತಿಲ್ಲ, 100 ದಿರ್ಹಮ್ ದಂಡ. ನಾನು ಬಾಳೆಹಣ್ಣು ಸುಲಿಯಲು ಹೊರಟಿದ್ದೆ, ಪಕ್ಕದ ಫಿಲಿಪೀನ್ಸ್ ಹೆಂಗಸು ಕೈ ಹಿಡಿದು ತಡೆದರು.

ಕರಾಮಾದ ಒಂದು ಚಹಾದಂಗಡಿ ಬಗ್ಗೆ ಹೇಳದಿದ್ದರೆ ಅನ್ನದ ಋಣ ತೀರುವುದಿಲ್ಲ. ಸಮ್ಮೇಳನದ ಒಳಗೆ ಒಂದು ರ‍್ಯಾಪ್‌ಗೆ 45 ದಿರ್ಹಮ್, ಅಂದರೆ ಸಾವಿರ ರೂಪಾಯಿ. ಸಿಟ್ಟು ಬಂದು ಅವತ್ತು ನೀರು ಕುಡಿದೇ ಇದ್ದೆ. ನೀರು ಮಾತ್ರ ಉಚಿತ, ಬಾಟಲಿ ಮರೆಯಬೇಡಿ. ರಾತ್ರಿ ಹತ್ತಕ್ಕೆ ಹಸಿದು ಬಂದರೆ ಗಲ್ಲಿಯಲ್ಲಿ ನಾಲ್ಕೇ ಮೇಜಿನ ಅಂಗಡಿ. ಪರೋಟ ಒಂದೂವರೆ ದಿರ್ಹಮ್, ಕಡಲೆ ಕರಿ ಐದು, ಕಡಕ್ ಚಹಾ ಒಂದು. ನಾನು ಅರ್ಧಂಬರ್ಧ ಮಲಯಾಳದಲ್ಲಿ ಕೇಳಿದೆ. ಮಾಲೀಕರು ಎಲ್ಲಿಯವನು ಅಂದರು. ವಿರಾಜಪೇಟೆ ಅಂದೆ. ಅವರ ಊರು ಇರಿಟ್ಟಿ! 2018ರ ಮಳೆಯಲ್ಲಿ ಮಾಕುಟ್ಟ ರಸ್ತೆ ಬಂದ್ ಆದಾಗ ಗೋಣಿಕೊಪ್ಪದಲ್ಲಿದ್ದ ತಂಗಿ ಮನೆಗೆ ಹೋಗಲಾಗದೆ ಒದ್ದಾಡಿದ್ದನ್ನು ಅರ್ಧ ಗಂಟೆ ಹೇಳಿದರು. ಎರಡನೇ ಪ್ಲೇಟ್ ಕರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ಮೂರು ರಾತ್ರಿಯೂ ಅಲ್ಲೇ ಊಟ. ಕರಿಗೆ ಹಸಿ ತೆಂಗಿನೆಣ್ಣೆ ಮೇಲಿಂದ ಹಾಕುತ್ತಿದ್ದರು, ಆ ವಾಸನೆಗೇ ಮನೆ ನೆನಪಾಗುತ್ತಿತ್ತು.

ಸಮ್ಮೇಳನದ ಒಳಗಿನ ಕಥೆ ಚಿಕ್ಕದು. ಇಮೇಲ್‌ನಲ್ಲಿ ಡೆಲಿಗೇಟ್, ಆದರೆ ಅಲ್ಲಿ ನಾವು ಅಬ್ಸರ್ವರ್‌ಗಳು, ಅಂದರೆ ಬರೀ ನೋಡುಗರು. ಸಣ್ಣ ಕೋಣೆಯ ಮಾತುಕತೆಗೆ ಕೆಲವೊಮ್ಮೆ ಬಿಡುತ್ತಾರೆ, ಬಿಸಿಯೇರುವ ಹೊತ್ತಿಗೆ ಹೊರಗೆ ಕಳಿಸುತ್ತಾರೆ. ಜನವೋ ಜನ. ತೋಟದಲ್ಲಿ ಬೆಳೆದ ನನಗೆ ಒಂದೇ ದಿನಕ್ಕೆ ತಲೆ ಚಿಟ್ಟು ಹಿಡಿಯಿತು. ಗದ್ದಲ ಇಷ್ಟಪಡುವವರಿಗೆ ಹಬ್ಬ. ಡಿಸೆಂಬರ್ 8 ಯುವಜನರ ದಿನ ಆಗಿತ್ತು, ಅಂದರೆ ಎಲ್ಲ ಕಡೆ ಸೆಲ್ಫಿ. ಹವಾಮಾನ ವಿಕೋಪಕ್ಕೆ ತುತ್ತಾದ ಬಡ ದೇಶಗಳಿಗೆ ನೆರವಾಗುವ ‘ನಷ್ಟ ಮತ್ತು ಹಾನಿ’ ನಿಧಿ ಕುರಿತ ಒಂದು ಸೈಡ್ ಈವೆಂಟ್‌ನಲ್ಲಿ ಕೈ ಎತ್ತಿ ಎರಡು ನಿಮಿಷ ಗಿಟ್ಟಿಸಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದು, ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಬಾರದಿದ್ದರೆ ಕಾಫಿ ಏನಾಗುತ್ತದೆ ಅನ್ನುವುದು, ಇಷ್ಟೇ ಹೇಳಿದೆ. ಸಭೆ ಮುಗಿದ ಮೇಲೆ ಕೊಲಂಬಿಯಾದ ಹುಡುಗನೊಬ್ಬ ಹುಡುಕಿಕೊಂಡು ಬಂದ. ಅವರದೂ ಕಾಫಿ ತೋಟ, ಅವರದೂ ಇಳಿಜಾರು. ಇಬ್ಬರೂ ಮೊಬೈಲ್‌ನಲ್ಲಿ ಗಿಡದ ಫೋಟೋ ತೋರಿಸಿಕೊಂಡು ಕೂತೆವು. ಹೇಳಬೇಕಾದ್ದು ಇದ್ದರೆ ಎರಡು ನಿಮಿಷಕ್ಕೆ ಮನೆಯಲ್ಲೇ ಕತ್ತರಿಸಿ ತಯಾರಾಗಿ ಹೋಗಿ.

ಸ್ವೆಟರ್ ಒಯ್ಯಿರಿ. ಮರುಭೂಮಿ ಅಂತ ನಗಬೇಡಿ, ಹಾಲ್‌ಗಳ ಎಸಿಯಲ್ಲಿ ಜುಲೈ ತಿಂಗಳ ಮಡಿಕೇರಿ ನೆನಪಾಗುತ್ತದೆ. ದುಬೈ ಮೂಲಕ ಹೋಗುವವರು ಅಮ್ಮ ಕಟ್ಟಿಕೊಡುವ ಪೊಟ್ಟಣಗಳನ್ನು ಬಿಚ್ಚಿ ನೋಡಿ. ಗಸಗಸೆ ಅಲ್ಲಿ ನಿಷೇಧ, ಮಾದಕ ವಸ್ತುವಿನ ಲೆಕ್ಕ. ನನ್ನ ಬ್ಯಾಗಿನಿಂದ ಬೆಂಗಳೂರಿನಲ್ಲೇ ತೆಗೆಸಿದ್ದು ಗೆಳೆಯನ ಪುಣ್ಯ.

ವಾಪಸ್ ಟಿಕೆಟ್ ಮಾತ್ರ ಮುಕ್ತಾಯದ ದಿನಕ್ಕೆ ಮಾಡಿಸಬೇಡಿ. ಈ ಸಮ್ಮೇಳನ ಹೇಳಿದ ದಿನ ಮುಗಿಯುವುದು ಅಪರೂಪ. 2022ರಲ್ಲಿ ಶರ್ಮ್ ಎಲ್ ಶೇಖ್‌ನಲ್ಲಿ ಎರಡು ದಿನ ಎಳೆಯಿತು, 2024ರಲ್ಲಿ ಬಾಕುವಿನಲ್ಲೂ ಹಾಗೇ. ನಮ್ಮದು ಡಿಸೆಂಬರ್ 12ಕ್ಕೆ ಮುಗಿಯಬೇಕಿತ್ತು, ಪ್ಯಾಕೇಜ್‌ನವರು ಅದೇ ರಾತ್ರಿಗೆ ವಿಮಾನ ಮಾಡಿಸಿದ್ದರು. ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಬೇಕು ಅನ್ನುವ ಮಾತಿಗೆ ದೇಶಗಳು ಒಪ್ಪಿದ್ದು 13ರಂದು. ಆಗ ನಾನು ವಿರಾಜಪೇಟೆ ಬಸ್ಸಿನಲ್ಲಿದ್ದೆ. ಹುಣಸೂರಿನಲ್ಲಿ ಊಟಕ್ಕೆ ನಿಲ್ಲಿಸಿದಾಗ ಮೊಬೈಲ್‌ನಲ್ಲಿ ಓದಿದೆ.

ಎಂಟು ದಿನದ ಹಣ ವಾಪಸ್ ಕೊಡಿ ಅಂತ ಪ್ಯಾಕೇಜ್ ಮಾರಿದ ಸಂಸ್ಥೆಗೆ ನಾಲ್ಕು ಸಲ ಬರೆದೆ. ಕೊನೆಗೆ ಒಂದು ಪ್ರಮಾಣಪತ್ರ ಬಂತು. ಅದರಲ್ಲಿ ನನ್ನ ವಿಳಾಸ ‘ಕೂರ್ಗ್, ಕೇರಳ’ ಅಂತಿತ್ತು.